ಅಜ್ಜನ ಟ್ರಂಕಿನಲ್ಲಿ ಪದಕ ಸಿಕ್ಕರೆ ಮೊದಲು ಅಂಚು ಓದಿ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಈಗ ಹಳೇ ಮನೆ ಒಡೆಸಿ ಹೊಸದು ಕಟ್ಟಿಸುವ ಕಾಲ. ಅಟ್ಟ ಖಾಲಿ ಮಾಡುವಾಗ ತಗಡಿನ ಟ್ರಂಕೊಂದು ಕೆಳಗಿಳಿಯುತ್ತದೆ. ಒಳಗೆ ಪಿಂಚಣಿ ಪುಸ್ತಕ, ಮಾಸಿದ ಗ್ರೂಪ್ ಫೋಟೊ, ಗಂಡಭೇರುಂಡದ ಹಿತ್ತಾಳೆ ಗುಂಡಿ, ಬಣ್ಣ ಹೋದ ರಿಬ್ಬನ್ನಿನಲ್ಲಿ ತೂಗುವ ಎರಡೋ ಮೂರೋ ಪದಕ. ‘ಮುತ್ತಾತ ಮಿಲಿಟರಿಯಲ್ಲಿದ್ದರಂತೆ’ ಎನ್ನುವುದಷ್ಟೇ ಮನೆಯವರಿಗೆ ಗೊತ್ತು. ಯಾವ ಯುದ್ಧ, ಯಾವ ಪಡೆ, ಪದಕ ಯಾತಕ್ಕೆ ಬಂತು ಎಂದು ಹೇಳುವವರು ಯಾರೂ ಉಳಿದಿರುವುದಿಲ್ಲ.

ಆಮೇಲೆ ನಡೆಯುವುದು ಹೆಚ್ಚಾಗಿ ಮೂರರಲ್ಲಿ ಒಂದು. ವಿಭೂತಿ ಹಾಕಿ ಫಳಫಳ ಹೊಳೆಯುವ ಹಾಗೆ ತಿಕ್ಕುತ್ತಾರೆ. ಅಣ್ಣನಿಗೊಂದು, ತಂಗಿಗೊಂದು ಎಂದು ಹಂಚಿಕೊಳ್ಳುತ್ತಾರೆ. ಇಲ್ಲವೇ ಬೆಳ್ಳಿ ಅಂಗಡಿಯ ತಕ್ಕಡಿಗೆ ಹಾಕುತ್ತಾರೆ. ಮೂರರಲ್ಲಿ ಯಾವುದಾದರೂ ಹೋಗುವುದು ಒಬ್ಬ ಸೈನಿಕನ ಸೇವೆಯ ದಾಖಲೆಯೇ. ಎಷ್ಟೋ ಮನೆಗಳಲ್ಲಿ ಅದಕ್ಕೆ ಬೇರೆ ದಾಖಲೆ ಇರುವುದೂ ಇಲ್ಲ.

ಈ ಲೇಖನ ಎರಡು ಬಗೆಯ ಓದುಗರಿಗೆ: ಮನೆಯಲ್ಲಿ ಪದಕ ಸಿಕ್ಕಿ ಏನು ಮಾಡಬೇಕೆಂದು ತಿಳಿಯದವರಿಗೆ, ಹಳೇ ಪದಕ ಸಂಗ್ರಹಿಸಲು ಹೊರಟವರಿಗೆ. ಇಬ್ಬರಿಗೂ ಪಾಠ ಒಂದೇ ಕಡೆಯಿಂದ ಶುರು. ರಾಜನ ಮುಖ ನೋಡುವ ಮುಂಚೆ ಪದಕದ ಅಂಚು ನೋಡಿ.

ಅಂಚೇ ಯಾಕೆ?

1815ರ ವಾಟರ್‌ಲೂ ಯುದ್ಧದ ಪದಕದಿಂದ ಬ್ರಿಟಿಷರು ಒಂದು ಪದ್ಧತಿ ಹಿಡಿದರು. ಪದಕ ಪಡೆದವನು ಸಾಮಾನ್ಯ ಸಿಪಾಯಿಯಾದರೂ ಅವನ ಹೆಸರನ್ನು ಪದಕದ ಅಂಚಿನ ಮೇಲೆ ಅಚ್ಚು ಹಾಕುವುದು. ಮುಂದೆ ಭಾರತೀಯ ಸೈನಿಕರ ಪದಕಗಳಿಗೂ ಇದೇ ಕ್ರಮ ಬಂತು. ಸ್ವಾತಂತ್ರ್ಯಾನಂತರ ನಮ್ಮ ಸೇನೆಯೂ ಅದನ್ನು ಬಿಡಲಿಲ್ಲ. ಕೆಲವೇ ಮಿಲಿಮೀಟರ್ ದಪ್ಪದ ಆ ಅಂಚಿನ ಸುತ್ತ ಸೈನಿಕನ ನಂಬರು, ದರ್ಜೆ, ಹೆಸರು, ಪಡೆ ಸಾಲಾಗಿ ಇರುತ್ತವೆ. ಪದಕದ ಮುಖ ಲಕ್ಷಾಂತರ ಪದಕಗಳಲ್ಲಿ ಒಂದೇ. ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ ಒಂದನ್ನೇ ಸುಮಾರು 65 ಲಕ್ಷ ಹಂಚಿದ್ದರು. ಅಷ್ಟರಲ್ಲಿ ಇದು ನಿಮ್ಮ ಮುತ್ತಾತನದು ಎಂದು ಹೇಳುವುದು ಅಂಚು ಮಾತ್ರ.

ಎಲ್ಲ ದೇಶಗಳೂ ಹೀಗೆ ಮಾಡಲಿಲ್ಲ. 1918ರ ಸೆಪ್ಟೆಂಬರ್ 23ರಂದು ಮೈಸೂರು ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಹೈಫಾ ಪಟ್ಟಣವನ್ನು ಗೆದ್ದಾಗ ಕಾರ್ಮೆಲ್ ಬೆಟ್ಟದ ಇಳಿಜಾರಿನಲ್ಲಿ ಆಸ್ಟ್ರಿಯನ್ ಫಿರಂಗಿ ದಳವೊಂದು ಎದುರಿಗಿತ್ತು. ಆಸ್ಟ್ರಿಯಾ ಚಕ್ರಾಧಿಪತ್ಯದ ಪದಕಗಳ ಮೇಲೆ ಸಾಮಾನ್ಯವಾಗಿ ಸೈನಿಕನ ಹೆಸರು ಇರುವುದಿಲ್ಲ. ಅವನ್ನು ಗುರುತಿಸಬೇಕಾದರೆ ಮುಖದ ಮೇಲೆ ಫ್ರಾನ್ಸ್ ಜೋಸೆಫ್ ಇದ್ದಾನೋ, 1916ರಲ್ಲಿ ಪಟ್ಟಕ್ಕೆ ಬಂದ ಕಾರ್ಲ್ ಇದ್ದಾನೋ ನೋಡಬೇಕು; ಲೋಹ ಬೆಳ್ಳಿಯೋ, ಯುದ್ಧದ ಕೊರತೆಯಲ್ಲಿ ಬಳಸಿದ ಸತುವೋ ನೋಡಬೇಕು; ರಿಬ್ಬನ್ ತ್ರಿಕೋನವಾಗಿ ಮಡಿಸಿದೆಯೇ ನೋಡಬೇಕು. ಶೌರ್ಯ ಪದಕದಲ್ಲಿ ಫ್ರಾನ್ಸ್ ಜೋಸೆಫನ ಕಾಲದ್ದಕ್ಕೆ ಹಿಂಬದಿಯಲ್ಲಿ ‘ಡೆರ್ ಟಾಫರ್‌ಕೈಟ್’ ಎಂಬ ಜರ್ಮನ್ ಬರಹ, ಕಾರ್ಲ್ ಕಾಲದ್ದಕ್ಕೆ ‘ಫೋರ್ಟಿಟುಡಿನಿ’ ಎಂಬ ಲ್ಯಾಟಿನ್ ಬರಹ. 1916ರ ಕೊನೆಯಲ್ಲಿ ಶುರುವಾದ ಕಾರ್ಲ್ ಟ್ರೂಪ್ ಕ್ರಾಸ್ ಸತುವಿನದು. ಕನಿಷ್ಠ 12 ವಾರ ರಣರಂಗದಲ್ಲಿದ್ದವರಿಗೆ ಕೊಡುತ್ತಿದ್ದರು. ಇಷ್ಟೆಲ್ಲ ಪತ್ತೆ ಹಚ್ಚಿದರೂ ಪದಕ ತೊಟ್ಟವನು ಯಾರೆಂದು ತಿಳಿಯುವುದಿಲ್ಲ. ನಮ್ಮ ಕೈಲಿರುವ ಪದಕಗಳ ದೊಡ್ಡ ಭಾಗ್ಯ ಆ ಹೆಸರು.

ಗುರುತಿಸುವ ಕ್ರಮ

1. ಮೊದಲು ಫೋಟೊ. ಪದಕಗಳು ಯಾವ ಸಾಲಿನಲ್ಲಿವೆ, ಯಾವ ಪಿನ್ನಿಗೆ ಯಾವುದು ಪೋಣಿಸಿದೆ, ಪಕ್ಕದಲ್ಲಿ ಯಾವ ಕಾಗದ ಇತ್ತು ಎಲ್ಲವನ್ನೂ ಇದ್ದ ಹಾಗೆಯೇ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಸಾಲಿಗೆ ಅರ್ಥವಿದೆ. ಎದೆಯ ಮೇಲಿನ ಪದಕಗಳಲ್ಲಿ, ಎದುರಿನಿಂದ ನೋಡುವವರ ಎಡಗಡೆ ಹಿರಿಯದು. ಶೌರ್ಯ ಪದಕ ಇದ್ದರೆ ಅದು ಮೊದಲು, ಆಮೇಲೆ ಯುದ್ಧದ ಪದಕಗಳು ಕಾಲಕ್ರಮದಲ್ಲಿ, ಕೊನೆಗೆ ದೀರ್ಘ ಸೇವೆಯದು. ಪಿನ್ನಿನಿಂದ ಕಳಚಿದ ಮೇಲೆ ಈ ಸಾಲು ನೆನಪಿನಲ್ಲಿ ಉಳಿಯುವುದಿಲ್ಲ.

2. ಅಂಚು ಓದುವುದು. ಬಟ್ಟೆ ಹಾಸಿದ ಮೇಜಿನ ಮೇಲೆ ಪದಕ ಇಟ್ಟು, ಕೋಣೆಯ ದೀಪ ಆರಿಸಿ, ಟಾರ್ಚನ್ನು ಒಂದು ಬದಿಯಿಂದ ಓರೆಯಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ಅಕ್ಷರದ ತಗ್ಗು ಕಾಣುವುದಿಲ್ಲ. ಓರೆ ಬೆಳಕಿನಲ್ಲಿ ತಗ್ಗಿಗೆ ನೆರಳು ಬಿದ್ದು ಸವೆದ ಅಕ್ಷರವೂ ಎದ್ದು ಬರುತ್ತದೆ. ಚಿನ್ನದ ಕೆಲಸದವರು ಬಳಸುವ ಹತ್ತು ಪಟ್ಟಿನ ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು. ಪದಕವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಏಳೆಂಟು ಫೋಟೊ ತೆಗೆದು ಜೋಡಿಸಿ ಓದಿ.

ಅಂಚಿನ ಬರಹ ಇಂಗ್ಲಿಷ್ ದೊಡ್ಡಕ್ಷರದ್ದು, ತೀರಾ ಸಂಕ್ಷಿಪ್ತ. ದರ್ಜೆಯಿಂದ ಶುರು ಮಾಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ‘ಸವಾರ್’, ‘ಡಫೇದಾರ್’, ‘ರಿಸಾಲ್ದಾರ್’ ಇದ್ದರೆ ಕುದುರೆ ಪಡೆ. ‘ಸಿಪಾಯ್’, ‘ನಾಯಕ್’, ‘ಹವಾಲ್ದಾರ್’, ‘ಸುಬೇದಾರ್’ ಇದ್ದರೆ ಕಾಲಾಳು ಅಥವಾ ಇತರ ಪಡೆ. ‘ಸ್ಯಾಪರ್’ ಎಂದಿದ್ದರೆ ಎಂಜಿನಿಯರ್ ಪಡೆ. ‘ಭಿಸ್ತಿ’, ‘ಸೈಸ್’, ‘ಫಾಲೋವರ್’ ಎಂದಿದ್ದರೆ ನೀರು ಹೊತ್ತವರು, ಕುದುರೆ ನೋಡಿಕೊಂಡವರು, ಪಡೆಯ ಜತೆ ದುಡಿದವರು.

ಆಮೇಲೆ ಪಡೆಯ ಹೆಸರು. ಮೈಸೂರಿನ ಜತೆ ‘ಐ.ಎಸ್.’ ಎಂಬ ಅಕ್ಷರಗಳಿದ್ದರೆ ಅದು ಇಂಪೀರಿಯಲ್ ಸರ್ವಿಸ್, ಅಂದರೆ ಮಹಾರಾಜರ ಖರ್ಚಿನಲ್ಲಿ ಸಂಸ್ಥಾನವೇ ಸಾಕಿ ಯುದ್ಧಕ್ಕೆ ಕಳಿಸಿದ ಪಡೆ. ‘ಎಸ್. ಆಂಡ್ ಎಂ.’ ಎಂದರೆ ಸ್ಯಾಪರ್ಸ್ ಆಂಡ್ ಮೈನರ್ಸ್. ಅದರ ಹಿಂದಿನ ಅಂಕಿ ಬಿಡಬೇಡಿ. 1 ಬಂಗಾಳದ್ದು, ಕೇಂದ್ರ ರೂರ್ಕಿ. 3 ಬಾಂಬೆಯದು, ಕೇಂದ್ರ ಕಿರ್ಕಿ. 2 ಇದ್ದರೆ ಮದ್ರಾಸ್ ಸ್ಯಾಪರ್ಸ್. 1834ರಿಂದ ಅವರ ನೆಲೆ ನಮ್ಮ ಬೆಂಗಳೂರೇ. ಹಲಸೂರು ಕೆರೆ ಹತ್ತಿರದ ಇವತ್ತಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಕೇಂದ್ರ ಅವರದೇ.

ಇಲ್ಲೊಂದು ಎಚ್ಚರ. ‘75 ಕಾರ್ನಾಟಿಕ್ ಇನ್‌ಫೆಂಟ್ರಿ’ ಎಂಬಂಥ ಹೆಸರು ಕಂಡು ನಮ್ಮ ನಾಡಿನ ಪಡೆ ಎಂದು ಬಗೆಯಬೇಡಿ. ಅವು ಮದ್ರಾಸ್ ಸೇನೆಯ ಪಡೆಗಳು. ಆ ಹೆಸರು ಆರ್ಕಾಟಿನ ಕಡೆಯ ಕರ್ನಾಟಿಕ್ ಸೀಮೆಯದು.

ವ್ಯಕ್ತಿಯ ಹೆಸರಿನ ಕಾಗುಣಿತದಲ್ಲಿ ಹಟ ಬೇಡ. ಕನ್ನಡ, ಮರಾಠಿ, ಉರ್ದು, ತಮಿಳು ಹೆಸರುಗಳನ್ನು ಗುಮಾಸ್ತರು ಕಿವಿಗೆ ಕೇಳಿದ ಹಾಗೆ ಬರೆದಿದ್ದಾರೆ. ನಿಮ್ಮ ಮನೆಯಲ್ಲಿ ಬರೆಯುವ ಹೆಸರಿಗೂ ಅಂಚಿನ ಹೆಸರಿಗೂ ಎರಡು ಮೂರು ಅಕ್ಷರ ವ್ಯತ್ಯಾಸ ಇದ್ದರೆ ಬೇರೆಯವರ ಪದಕ ಎಂದು ಪಕ್ಕಕ್ಕಿಡಬೇಡಿ. ಬಾಯಲ್ಲಿ ಹೇಳಿ ನೋಡಿ, ಧ್ವನಿ ಕೂಡಿದರೆ ಸಾಕು.

3. ಅಕ್ಷರ ಕುಟ್ಟಿದ್ದೋ, ಕೊರೆದದ್ದೋ? ಅಚ್ಚಿನಿಂದ ಕುಟ್ಟಿದ ಅಕ್ಷರದ ತಳ ಸಮವಾಗಿರುತ್ತದೆ, ಒಂದೇ ಅಕ್ಷರ ಎಲ್ಲಿ ಬಂದರೂ ಒಂದೇ ಆಕಾರ. ಕೈಯಲ್ಲಿ ಕೊರೆದದ್ದು ಸ್ಟೀಲ್ ಪಾತ್ರೆಯ ಮೇಲೆ ಹೆಸರು ಹಾಕಿಸಿದ ಹಾಗೆ: ಗೆರೆ ಕೆಲವೆಡೆ ತೆಳು, ಕೆಲವೆಡೆ ದಪ್ಪ. ಮೊದಲ ಮಹಾಯುದ್ಧದ ಪದಕಗಳ ಹೆಸರು ಸಾಮಾನ್ಯವಾಗಿ ಕುಟ್ಟಿದ್ದು. 19ನೇ ಶತಮಾನದ ಭಾರತದ ಪದಕಗಳಲ್ಲಿ ಎರಡೂ ಬಗೆ ಇದೆ, ಓಟದ ಬರಹದಲ್ಲಿ ಚೆಂದವಾಗಿ ಕೊರೆದವೂ ಇವೆ. ಆದ್ದರಿಂದ ಕೊರೆದಿದೆ ಎಂದ ಮಾತ್ರಕ್ಕೆ ನಕಲಿ ಅಲ್ಲ. ಯಾವ ಪದಕಕ್ಕೆ ಯಾವ ಬಗೆ ಸಹಜ ಎಂದು ನೋಡಬೇಕು.

ಹಳೇ ಹೆಸರು ಉಜ್ಜಿ ತೆಗೆದು ಹೊಸ ಹೆಸರು ಹಾಕುವುದು ಪದಕ ವ್ಯಾಪಾರದ ಹಳೆಯ ಮೋಸ. ಪತ್ತೆಗೆ ಉಪಾಯ ಸರಳ. ಅಂಚು ಉಜ್ಜಿದರೆ ಪದಕದ ಅಗಲ ಕಡಿಮೆಯಾಗುತ್ತದೆ. ಕೊಂಡಿ ಹಿಡಿದಿರುವ ಜಾಗವನ್ನು ಮಾತ್ರ ಉಜ್ಜಲು ಬರುವುದಿಲ್ಲ. ಆದ್ದರಿಂದ ಅಡ್ಡ ಒಂದು ಅಳತೆ, ಮೇಲಿಂದ ಕೆಳಗೆ ಒಂದು ಅಳತೆ ತೆಗೆದುಕೊಂಡು ಹೋಲಿಸಿ. ಕಾಮಾಕ್ಷಿಪಾಳ್ಯ, ರಾಜಾಜಿನಗರ ಕೈಗಾರಿಕಾ ಪ್ರದೇಶದ ಲೇತ್ ಅಂಗಡಿಗಳಲ್ಲಿ ವರ್ನಿಯರ್ ಕ್ಯಾಲಿಪರ್ ಇದ್ದೇ ಇರುತ್ತದೆ. ಕೇಳಿದರೆ ಎರಡು ನಿಮಿಷದ ಕೆಲಸ. ಅದರ ದವಡೆಗೆ ತೆಳು ಬಟ್ಟೆ ಸುತ್ತಬೇಡಿ, ಅಳತೆ ತಪ್ಪುತ್ತದೆ. ಬದಲು ಮೆಲ್ಲಗೆ ಮುಟ್ಟಿಸಿ.

4. ಈಗ ಮುಖ ನೋಡಿ. ನಮ್ಮ ಕಡೆಯ ಮನೆಗಳಲ್ಲಿ ಸಿಗಬಹುದಾದವು ಇವು.

ಮೊದಲ ಮಹಾಯುದ್ಧದ್ದು ಪೂರ್ತಿ ಜತೆಯಾದರೆ ಮೂರು. 1914–15 ಸ್ಟಾರ್ ಕಂಚಿನ ನಕ್ಷತ್ರ. ಅಡ್ಡಡ್ಡ ಕತ್ತಿ, ಮೇಲೆ ಕಿರೀಟ, ಹೆಸರು ಅಂಚಿನಲ್ಲಲ್ಲ, ಬೋಳು ಬೆನ್ನಿನ ಮೇಲೆ. ಬ್ರಿಟಿಷ್ ವಾರ್ ಮೆಡಲ್ 36 ಮಿಲಿಮೀಟರ್ ಅಗಲದ ಬೆಳ್ಳಿಯದು. ಮುಂದೆ ಐದನೇ ಜಾರ್ಜ್, ಹಿಂದೆ ಬತ್ತಲೆ ಕುದುರೆ ಸವಾರ, ಕುದುರೆಯ ಗೊರಸಿನ ಕೆಳಗೆ ಪ್ರಷ್ಯದ ಹದ್ದಿನ ಗುರಾಣಿ. ನಡುವೆ ಕಿತ್ತಳೆ ಪಟ್ಟಿ, ಎರಡೂ ಕಡೆ ಬಿಳಿ, ಕಪ್ಪು, ನೀಲಿ ಇರುವ ರಿಬ್ಬನ್. ವಿಕ್ಟರಿ ಮೆಡಲ್ ಅಷ್ಟೇ ಅಗಲದ ಕಂಚಿನದು. ರೆಕ್ಕೆ ಇರುವ ವಿಜಯ ದೇವತೆ, ಕಾಮನಬಿಲ್ಲಿನ ಬಣ್ಣದ ರಿಬ್ಬನ್. ವಾರ್ ಮೆಡಲ್ ಬೆಳ್ಳಿಯ ಬದಲು ಕಂಚಿನಲ್ಲಿ ಸಿಕ್ಕರೆ ನಕಲಿ ಎಂದು ಎಸೆಯಬೇಡಿ. ಕೂಲಿ ಪಡೆಗಳಲ್ಲಿ ದುಡಿದವರಿಗೆ ಕಂಚಿನದನ್ನು ಕೊಟ್ಟಿದ್ದರು, ಅದು ಬೆಳ್ಳಿಯದಕ್ಕಿಂತ ಎಷ್ಟೋ ವಿರಳ.

ಶೌರ್ಯದ್ದಾದರೆ ರಿಬ್ಬನ್ ಗಮನಿಸಿ. ಕಡು ನೀಲಿಯ ನಡುವೆ ಕೆಂಪು ಪಟ್ಟಿ ಇದ್ದರೆ 1907ರಲ್ಲಿ ಶುರುವಾದ ಇಂಡಿಯನ್ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಮೆಡಲ್. ಕಡು ನೀಲಿಗೆ ಎರಡೂ ಅಂಚಿನಲ್ಲಿ ಕೆಂಪು ಇದ್ದರೆ 1837ರಷ್ಟು ಹಳೆಯ ಇಂಡಿಯನ್ ಆರ್ಡರ್ ಆಫ್ ಮೆರಿಟ್. ಇವೆರಡರಲ್ಲಿ ಯಾವುದು ಕಂಡರೂ ಕೈ ತೊಳೆದುಕೊಂಡು ಮುಟ್ಟಿ, ಮುಂದಿನ ಹೆಜ್ಜೆಗೆ ಮುಂಚೆ ತಿಳಿದವರನ್ನು ಕೇಳಿ.

ಎರಡನೇ ಮಹಾಯುದ್ಧದ್ದು ಆರು ಮೂಲೆಯ ನಕ್ಷತ್ರಗಳು. ಯಾವ ರಣರಂಗ ಎಂಬುದು ಅದರ ಹೆಸರಿನಲ್ಲೇ ಇದೆ: ಆಫ್ರಿಕಾ, ಇಟಲಿ, ಬರ್ಮಾ, ಪೆಸಿಫಿಕ್. ಒಂದನೇ ಮೈಸೂರು ಇನ್‌ಫೆಂಟ್ರಿ 1942ರಲ್ಲಿ ಸಿಂಗಾಪುರದಲ್ಲಿ ಸೆರೆಯಾದ ಪಡೆ. ಅದರಲ್ಲಿದ್ದವರ ಮನೆಯಲ್ಲಿ ಪೆಸಿಫಿಕ್ ಸ್ಟಾರ್ ಇದ್ದರೆ ಅಚ್ಚರಿಯಿಲ್ಲ. ಭಾರತದ ಭೂಪಟ ಇರುವ ಬಿಳಿ ಲೋಹದ ಪದಕ ಇಂಡಿಯಾ ಸರ್ವಿಸ್ ಮೆಡಲ್. ಈ ಯುದ್ಧದ ಪದಕಗಳನ್ನು ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದೆಯೇ ಕೊಟ್ಟರು. ಆದ್ದರಿಂದ ಹೆಸರಿಲ್ಲ ಎನ್ನುವುದು ಇಲ್ಲಿ ನಕಲಿಯ ಗುರುತಲ್ಲ. ಇವುಗಳಿಗೆ ಪಕ್ಕದ ಕಾಗದಪತ್ರವೇ ಆಧಾರ, ಅದನ್ನು ಬೇರ್ಪಡಿಸಬೇಡಿ.

ಸ್ವಾತಂತ್ರ್ಯ ಬಂದ ಮೇಲಿನವು ಸುಲಭ. ಕೇಸರಿ, ಬಿಳಿ, ಹಸಿರು ಪಟ್ಟಿಯದು 1947ರ ಸ್ವಾತಂತ್ರ್ಯ ಪದಕ. ಒಂದು ಬದಿಗೆ ಅಶೋಕನ ಸಿಂಹ, ಇನ್ನೊಂದು ಬದಿಗೆ ಚಕ್ರ, ಅದರ ಮೇಲೆ ಇನ್ನೂ ಬ್ರಿಟಿಷ್ ಕಿರೀಟ. 1965ರದು ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಮೆಡಲ್. 1971ರದು ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಸಂಗ್ರಾಮ ಮೆಡಲ್. 1972ರದು ಸ್ವಾತಂತ್ರ್ಯದ 25ನೇ ವರ್ಷದ ಪದಕ. ವಿಜಯನಗರ, ಕೆಂಗೇರಿ ಕಡೆಯ ನಿವೃತ್ತ ಸೈನಿಕರ ಮನೆಗಳಲ್ಲಿ ಹೆಚ್ಚಾಗಿ ಇರುವುದು ಇವೇ. ಇವು ಸೇವೆಯ ಪದಕಗಳು, ಶೌರ್ಯ ಪ್ರಶಸ್ತಿಗಳಲ್ಲ. ಹಾಗೆಂದು ಕಡಿಮೆ ಎಂದೂ ಅಲ್ಲ. ಛಾಂಬ್‌ನಲ್ಲೋ ಢಾಕಾ ದಾರಿಯಲ್ಲೋ ಇದ್ದವರಿಗೆ ಆ ನಕ್ಷತ್ರದ ಬೆಲೆ ಗೊತ್ತು. ಅವರು ಇನ್ನೂ ಇದ್ದರೆ ಈ ಭಾನುವಾರವೇ ಕೂತು ಕೇಳಿ ಬರೆದಿಟ್ಟುಕೊಳ್ಳಿ.

5. ಒಂಟಿ ಪದಕಕ್ಕಿಂತ ಜತೆ ಹೆಚ್ಚು ಹೇಳುತ್ತದೆ. ಮೊದಲ ಮಹಾಯುದ್ಧದ ಮೂರೂ ಇದ್ದರೆ ಆ ಸೈನಿಕ 1915 ಮುಗಿಯುವ ಮುಂಚೆಯೇ ರಣರಂಗ ಸೇರಿದ್ದಾನೆ. ಮೈಸೂರು ಲ್ಯಾನ್ಸರ್ಸ್ 1914ರ ಕೊನೆಯಲ್ಲೇ ಈಜಿಪ್ಟ್ ತಲುಪಿ ಮುಂದಿನ ವರ್ಷ ಸೂಯೆಜ್ ಕಾಲುವೆಯ ಕಾವಲಿನಲ್ಲಿದ್ದರು, ಹಾಗಾಗಿ ಮೊದಲ ತಂಡದವರಿಗೆ ಸ್ಟಾರ್ ಸಲ್ಲುತ್ತದೆ. ಸ್ಟಾರ್ ಇಲ್ಲದೆ ಉಳಿದೆರಡೇ ಇದ್ದರೆ 1916ರಿಂದಾಚೆ ಹೋದವನು. ಹೈಫಾದಲ್ಲಿ ಇದ್ದಿರಬಹುದು, ಆದರೆ 1915ರ ಸೂಯೆಜ್ ಕಾವಲಿನಲ್ಲಿ ಇರಲಿಲ್ಲ. ವಿಕ್ಟರಿ ಮೆಡಲ್ ಒಂದೇ ಇದ್ದರೆ ಜತೆಯ ಬೆಳ್ಳಿ ಪದಕ ಎಲ್ಲೋ ಮಾರಾಟವಾಗಿ ಕರಗಿರುವ ಸಾಧ್ಯತೆ ಹೆಚ್ಚು. 1979–80ರಲ್ಲಿ ಜಗತ್ತಿನಾದ್ಯಂತ ಬೆಳ್ಳಿಯ ಬೆಲೆ ಗಗನಕ್ಕೇರಿದಾಗ ಈ ವಾರ್ ಮೆಡಲುಗಳು ರಾಶಿ ರಾಶಿ ಕುಲುಮೆಗೆ ಹೋದವು. ಕರಗಿಸಿದರೆ ಏನೂ ಹುಟ್ಟದ ಕಂಚು ಉಳಿಯಿತು.

6. ಎಲ್ಲಿ ವಿಚಾರಿಸುವುದು? ಇದು ಪಡೆಯ ಮೇಲೆ ನಿಂತಿದೆ. ಜನ ಎಡವುವುದು ಇಲ್ಲೇ. ಮೈಸೂರು ಲ್ಯಾನ್ಸರ್ಸ್ ಸಂಸ್ಥಾನದ ಪಡೆಯಾದ್ದರಿಂದ ಅದರ ಆಡಳಿತದ ಕಾಗದಗಳನ್ನು ಸಂಸ್ಥಾನದ ಕಡತಗಳಲ್ಲಿ ಹುಡುಕಬೇಕು. ಅವು ಇರುವುದು ವಿಧಾನಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ. ಕೆಂಗೇರಿಯಿಂದಲೋ ವಿಜಯನಗರದಿಂದಲೋ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ವಿಧಾನಸೌಧದ ಎದುರೇ ಇಳಿಯಬಹುದು. ಹೆಸರು ಹಿಡಿದು ಹೋದರೆ ಬರಿಗೈಲಿ ಬರುತ್ತೀರಿ. ಮಿಲಿಟರಿ ಇಲಾಖೆ, ವರ್ಷ, ಪಡೆ ಎಂದು ಕೇಳಿ. ಸ್ವಾತಂತ್ರ್ಯಾನಂತರ ಮೈಸೂರು ಲ್ಯಾನ್ಸರ್ಸ್ ಇತರ ಸಂಸ್ಥಾನಗಳ ಅಶ್ವದಳಗಳ ಜತೆ 61ನೇ ಕ್ಯಾವಲ್ರಿಯಲ್ಲಿ ಸೇರಿತು. ಮೈಸೂರು ಇನ್‌ಫೆಂಟ್ರಿ 18ನೇ ಮದ್ರಾಸ್ ಬೆಟಾಲಿಯನ್ ಆಯಿತು. ಇನ್‌ಫೆಂಟ್ರಿಯವರಾದರೆ ನೀಲಗಿರಿಯ ವೆಲಿಂಗ್ಟನ್‌ನಲ್ಲಿರುವ ಮದ್ರಾಸ್ ರೆಜಿಮೆಂಟ್ ಕೇಂದ್ರಕ್ಕೆ ಬರೆಯಬಹುದು.

ಸ್ಯಾಪರ್ ಆಗಿದ್ದರೆ ಅದೇ ಮೆಟ್ರೊದಲ್ಲಿ ಮುಂದಕ್ಕೆ ಹಲಸೂರು. ಎಂಇಜಿ ಕೇಂದ್ರದಲ್ಲಿ ಸ್ಯಾಪರ್‌ಗಳದೇ ವಸ್ತು ಸಂಗ್ರಹಾಲಯ ಇದೆ. ಅದು ಸೇನಾ ಪ್ರದೇಶ, ಮೊದಲೇ ಪತ್ರ ಬರೆದು ಅನುಮತಿ ಪಡೆದು ಹೋಗಿ. ಅಂಚಿನ ಫೋಟೊ ಪತ್ರದ ಜತೆ ಇಡಿ. ಯುದ್ಧದಲ್ಲಿ ತೀರಿಕೊಂಡವರಾಗಿದ್ದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿಯನ್ನು ಮನೆಯಲ್ಲೇ ಕೂತು ಉಚಿತವಾಗಿ ನೋಡಬಹುದು. ಎಷ್ಟೋ ಭಾರತೀಯ ಹೆಸರುಗಳ ಪಕ್ಕ ತಂದೆಯ ಹೆಸರು, ಊರು ಇರುತ್ತದೆ. 1947ರ ಆಚೆಯ ಸೈನಿಕರಾದರೆ ಡಿಸ್ಚಾರ್ಜ್ ಪುಸ್ತಕದಲ್ಲಿರುವ ರೆಕಾರ್ಡ್ಸ್ ಆಫೀಸಿಗೆ ನಂಬರು ಸಹಿತ ಬರೆಯಿರಿ. ದಾರಿ ತಿಳಿಯದಿದ್ದರೆ ಸೈನಿಕ ಕಲ್ಯಾಣ ಇಲಾಖೆಯವರು ಹೇಳುತ್ತಾರೆ.

ಜೆ.ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕವನ್ನೂ ಒಮ್ಮೆ ನೋಡಿ ಬನ್ನಿ. ನಗರದ ಪಶ್ಚಿಮದಲ್ಲಿ ಹುಟ್ಟಿ ಬೆಳೆದ ಎಷ್ಟೋ ಜನ ಅದರ ಎದುರಿನಿಂದಲೇ ಬಸ್ಸಿನಲ್ಲಿ ಹೋಗಿದ್ದರೂ ಅದು ಏನೆಂದು ಕೇಳಿರುವುದಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ವಿಷಯ.

ಶ್ರೀರಂಗಪಟ್ಟಣದ ಪದಕ: ಆಸೆಗೆ ಬೀಳುವ ಮುಂಚೆ

ಸಂಗ್ರಹಕಾರರಾಗಿ ಕನ್ನಡ ನಾಡಿನ ಪದಕ ಹುಡುಕ ಹೊರಟರೆ ಮೊದಲು ಕಿವಿಗೆ ಬೀಳುವುದು ಇದರ ಹೆಸರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿ ಮಾಡಿಸಿದ್ದು. ಮುಖದಲ್ಲಿ ಬ್ರಿಟಿಷ್ ಸಿಂಹ ಹುಲಿಯನ್ನು ಕೆಡವಿದೆ, ಹಿಂಬದಿಯಲ್ಲಿ ಕೋಟೆಗೆ ಲಗ್ಗೆ, ಕೆಳಗೆ ಪಾರ್ಸಿ ಬರಹ. ವಿನ್ಯಾಸ ಕ್ಯುಖ್ಲರ್ ಎಂಬವನದು. ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೋ ಟಂಕಸಾಲೆಯಲ್ಲಿ ಹೊಡೆದದ್ದು 48 ಮಿಲಿಮೀಟರ್ ಅಗಲ. ಕಲ್ಕತ್ತಾದಲ್ಲಿ ಹೊಡೆದದ್ದು ಅದಕ್ಕಿಂತ ಚಿಕ್ಕದು. ದರ್ಜೆಗೆ ತಕ್ಕಂತೆ ಚಿನ್ನ, ಚಿನ್ನದ ಲೇಪದ ಬೆಳ್ಳಿ, ಬೆಳ್ಳಿ, ಕಂಚು, ತವರ. ಸಿಪಾಯಿಗಳ ಪಾಲಿಗೆ ಬಂದದ್ದು ತವರ. ಅದಕ್ಕೂ ಮುಂಚಿನ, 1791–92ರ ಯುದ್ಧದ ಮೈಸೂರು ಪದಕವೂ ಇದೆ. ಅದರಲ್ಲಿ ಸಿಪಾಯಿಯೊಬ್ಬ ಒಂದು ಕೈಲಿ ಬ್ರಿಟಿಷ್ ಬಾವುಟ, ಇನ್ನೊಂದು ಕೈಲಿ ತಲೆಕೆಳಗಾದ ಮೈಸೂರಿನ ಬಾವುಟ ಹಿಡಿದು ನಿಂತಿದ್ದಾನೆ.

ಈ ಎರಡರ ಮೇಲೂ ಪಡೆದವನ ಹೆಸರು ಅಧಿಕೃತವಾಗಿ ಹಾಕಿಸಿರಲಿಲ್ಲ. ಅಂದರೆ ಅಂಚಿನ ಆಧಾರ ಇಲ್ಲ, ನಕಲಿಗೆ ದಾರಿ ಸಲೀಸು. ಅಸಲಿಯಿಂದ ಅಚ್ಚು ತೆಗೆದು ಲೋಹ ಎರೆದ ನಕಲಿಗೆ ಮೂರು ಲಕ್ಷಣ. ಲೋಹ ತಣ್ಣಗಾಗುವಾಗ ಕುಗ್ಗುವುದರಿಂದ ಅಗಲ ಅಸಲಿಗಿಂತ ಒಂದೆಳೆ ಕಡಿಮೆ. ಗಾಳಿಗುಳ್ಳೆ ಒಡೆದ ಸೂಜಿಮೊನೆಯಷ್ಟು ಗುಳಿಗಳು. ಹುಲಿಯ ಮೈ ಪಟ್ಟಿ, ಪಾರ್ಸಿ ಅಕ್ಷರದ ಚುಕ್ಕೆಗಳಂಥ ಸೂಕ್ಷ್ಮ ಕೆಲಸವೆಲ್ಲ ಮೊಂಡು. ಅಂಚಿನ ನಡುವೆ ಸುತ್ತಲೂ ಒಂದು ಗೆರೆ ಕಂಡರೆ ಎರಡು ಅರ್ಧ ಅಚ್ಚು ಕೂಡಿಸಿದ ಗುರುತು, ಅಲ್ಲಿಗೇ ಮಾತು ಮುಗಿಯಿತು. ಶ್ರೀರಂಗಪಟ್ಟಣದ ಪದಕವನ್ನು ಹೊಸಬರು ಮೊದಲ ಖರೀದಿಯಾಗಿ ಕೊಳ್ಳಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊಳ್ಳುವವರಿಗೆ

ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಕಡೆಯ ಸಂಡೆ ಬಜಾರ್, ಶಿಕ್ಷಕರ ಸದನದಲ್ಲಿ ನಡೆಯುವ ನಾಣ್ಯ ಪ್ರದರ್ಶನಗಳು, ಅಂತರ್ಜಾಲ, ಎಲ್ಲ ಕಡೆಯೂ ಪದಕ ಸಿಗುತ್ತದೆ. ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇರಲಿ. ಬೆಳ್ಳಿ, ಕಂಚು, ತಾಮ್ರ–ನಿಕಲ್ ಯಾವುದೂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಪದಕದ ಬಿಲ್ಲೆಯೇ ಅಂಟಿಕೊಂಡರೆ ಮುಂದಕ್ಕೆ ನಡೆಯಿರಿ. ಪಿನ್ ಅಂಟಿದರೆ ಚಿಂತೆಯಿಲ್ಲ, ಅದು ಉಕ್ಕಿನದು.

ಅರ್ಧ ಗಾತ್ರದ ಪುಟಾಣಿ ಪದಕಗಳು ನಕಲಿಯಲ್ಲ. ಅಧಿಕಾರಿಗಳು ಮೆಸ್ಸಿನ ರಾತ್ರಿ ಉಡುಪಿಗೆ ಹಾಕಿಕೊಳ್ಳುತ್ತಿದ್ದವು. ಕಳೆದುಹೋದದ್ದಕ್ಕೆ ಬದಲಾಗಿ ಸೈನಿಕರೇ ಅಂಗಡಿಯಲ್ಲಿ ಮಾಡಿಸಿಕೊಂಡ ಪದಕಗಳೂ ಇವೆ. ಅವು ಮನೆಯಲ್ಲಿ ಸಿಕ್ಕರೆ ಪ್ರೀತಿಯಿಂದ ಇಟ್ಟುಕೊಳ್ಳಿ, ಅಸಲಿಯ ಬೆಲೆಗೆ ಕೊಳ್ಳಬೇಡಿ. ಹಳೇ ಪದಕಕ್ಕೆ ಹೊಸ ರಿಬ್ಬನ್ ಹಾಕಿರುವುದು ಮೋಸವಲ್ಲ, ಬೇರೆ ಬೇರೆ ಸೈನಿಕರ ಪದಕಗಳನ್ನು ಒಂದೇ ಪಿನ್ನಿಗೆ ಪೋಣಿಸಿ ಜತೆ ಎಂದು ಮಾರುವುದು ಮೋಸ. ಎಲ್ಲ ಪದಕಗಳ ಮೇಲೂ ಒಂದೇ ನಂಬರು, ಒಂದೇ ಹೆಸರು ಇದೆಯೇ ನೋಡಿ. ದರ್ಜೆ ಮಾತ್ರ ಬೇರೆಯಾಗಿರಬಹುದು, ನಡುವೆ ಬಡ್ತಿ ಸಿಕ್ಕಿರುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹುಣಸೆಹಣ್ಣು, ನಿಂಬೆ, ವಿಭೂತಿ, ಲೋಹದ ಪಾಲಿಶ್. ದೇವರ ಮನೆಯ ದೀಪಕ್ಕೆ ಸರಿ, ಪದಕಕ್ಕೆ ಸಲ್ಲದು. ಬೆಳ್ಳಿಯ ಮೇಲಿನ ಕಪ್ಪು ಎಂದರೆ ಗಾಳಿಯ ಗಂಧಕ ಸೇರಿ ಮೇಲ್ಪದರದ ಬೆಳ್ಳಿಯೇ ಬದಲಾದದ್ದು. ಉಜ್ಜಿದರೆ ಹೋಗುವುದು ಕೊಳೆಯಲ್ಲ, ಆ ಪದರದ ಬೆಳ್ಳಿ. ಅದರ ಜತೆ ರಾಜನ ಮೂಗು, ಅಂಚಿನ ಹೆಸರು. ಹುಣಸೆಯ ಹುಳಿ ಕಂಚನ್ನು ತಿನ್ನುತ್ತದೆ. ಧೂಳು ಇದ್ದರೆ ಮೆತ್ತನೆ ಬ್ರಷ್ಷಿನಿಂದ ಒಣದಾಗಿ ಸವರಿ, ಅಷ್ಟು ಸಾಕು. ಕಂಚಿನ ಮೇಲೆ ಹಸಿರು ಪುಡಿ ಏಳುತ್ತಿದ್ದರೆ ಮಾತ್ರ ಲೋಹ ಸಂರಕ್ಷಣೆ ಬಲ್ಲವರಿಗೆ ತೋರಿಸಿ.

ರಬ್ಬರ್ ಬ್ಯಾಂಡ್ ಸುತ್ತಿಡುವುದು. ರಬ್ಬರಿನಲ್ಲಿ ಗಂಧಕ ಇರುತ್ತದೆ, ಬೆಳ್ಳಿಯ ಮೇಲೆ ಶಾಶ್ವತ ಕಪ್ಪು ಗೆರೆ ಬೀಳುತ್ತದೆ. ಅಗ್ಗದ ಪಿವಿಸಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದರೆ ವರ್ಷಗಳ ಮೇಲೆ ಅಂಟಂಟಾದ ಹಸಿರು ಕಟ್ಟುತ್ತದೆ. ಪ್ಲೈವುಡ್ ಪೆಟ್ಟಿಗೆಯ ಅಂಟಿನ ಆವಿಯೂ ಲೋಹಕ್ಕೆ ಒಗ್ಗದು. ಬಣ್ಣ ಹಾಕದ, ಚೆನ್ನಾಗಿ ಒಗೆದು ಒಣಗಿಸಿದ ಹತ್ತಿ ಬಟ್ಟೆಯಲ್ಲಿ ಒಂದೊಂದನ್ನೂ ಬೇರೆ ಬೇರೆ ಸುತ್ತಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜತೆ ಇಡಿ. ನಮ್ಮೂರ ಮಳೆಗಾಲ ಮುಗಿದ ಮೇಲೆ ಪೊಟ್ಟಣ ಬದಲಿಸಿ.

ಫ್ರೇಮು ಹಾಕಿಸುವಾಗ ಅಂಟು. ಗೋಡೆಗೆ ಚೆಂದ ಕಾಣಲೆಂದು ಪದಕದ ಬೆನ್ನಿಗೆ ಆರಲ್ಡೈಟ್ ಮೆತ್ತಿ ಹಲಗೆಗೆ ಅಂಟಿಸುತ್ತಾರೆ. 1914–15 ಸ್ಟಾರಿನ ಹೆಸರು ಇರುವುದೇ ಆ ಬೆನ್ನಿನ ಮೇಲೆ. ರಿಬ್ಬನ್ನನ್ನು ದಾರದಿಂದ ಹೊಲಿಸಿ, ಬಿಸಿಲು ಬೀಳದ ಗೋಡೆಗೆ ತೂಗುಹಾಕಿ. ಹಳೇ ರಿಬ್ಬನ್ ಒಗೆಯಬೇಡಿ, ಬಣ್ಣ ಒಂದಕ್ಕೊಂದು ಹತ್ತುತ್ತದೆ. ಹರಿದಿದ್ದರೂ ಎಸೆಯದೆ ಕವರಿನಲ್ಲಿ ಜತೆಗೇ ಇಡಿ.

ಅಜ್ಜನ ಪದಕ ಹಾಕಿಕೊಂಡು ಸೈನಿಕನಂತೆ ಓಡಾಡುವುದು. ಸೈನಿಕ ಎಂದು ಬೇರೆಯವರು ನಂಬಲಿ ಎಂಬ ಉದ್ದೇಶದಿಂದ ಸೇನೆಯ ಉಡುಪು, ಗುರುತು ಧರಿಸುವುದು ಕಾನೂನಿನಲ್ಲಿ ಅಪರಾಧ. ಶಾಲೆಯ ನಾಟಕಕ್ಕೂ ಅಸಲಿ ಪದಕ ಕೊಡಬೇಡಿ, ಅದಕ್ಕೆ ಕಾರಣ ಕಾನೂನಲ್ಲ, ಕಳೆದುಹೋಗುತ್ತದೆ.

ಕಾನೂನಿನ ಒಂದು ಮಾತು

1972ರ ಪ್ರಾಚ್ಯವಸ್ತು ಮತ್ತು ಕಲಾ ನಿಧಿ ಕಾಯ್ದೆ 1976ರಿಂದ ಜಾರಿಯಲ್ಲಿದೆ. ನೂರು ವರ್ಷ ತುಂಬಿದ ಐತಿಹಾಸಿಕ ವಸ್ತುಗಳು ಅದರ ವ್ಯಾಪ್ತಿಗೆ ಬರುತ್ತವೆ. ಮೊದಲ ಮಹಾಯುದ್ಧದ ಪದಕಗಳೂ ಈಗ ಆ ವಯಸ್ಸು ದಾಟಿವೆ. ಇಂಥ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ, ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ ಮತ್ತು ದಂಡ ಇದೆ. ಪ್ರಾಚ್ಯವಸ್ತುಗಳ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು. ಲಂಡನ್ನಿನ ಹರಾಜಿನಲ್ಲಿ ಒಳ್ಳೆಯ ಬೆಲೆ ಬರುತ್ತದೆ ಎಂದು ಯಾರಾದರೂ ಹುರಿದುಂಬಿಸಿದರೆ, ಅಥವಾ ಅಮೆರಿಕದಲ್ಲಿರುವ ಮಗನ ಕೈಲಿ ನೆನಪಿಗೆಂದು ಕೊಟ್ಟು ಕಳಿಸುವ ಮನಸ್ಸಾದರೆ, ಮೊದಲು ಕೋರಮಂಗಲದ ಕೇಂದ್ರೀಯ ಸದನದಲ್ಲಿರುವ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕಚೇರಿಯಲ್ಲಿ ಕೇಳಿ ಲಿಖಿತ ಉತ್ತರ ಪಡೆಯಿರಿ.

ಪಾಲು ಮಾಡುವಾಗ

ಮೂವರು ಮಕ್ಕಳು, ಮೂರು ಪದಕ. ಲೆಕ್ಕ ಸರಿ ಹೊಂದಿತು ಎಂದು ಹಂಚಿಬಿಡುವ ಮನೆಗಳಿವೆ. ಹಾಗೆ ಮಾಡಿದರೆ ಒಂದು ತಲೆಮಾರಿನ ಆಚೆಗೆ ಮೂರೂ ಒಂಟಿ ಪದಕಗಳಾಗಿ, ಯಾರದೆಂದು ತಿಳಿಯದೆ, ಕೊನೆಗೆ ಬಜಾರಿಗೆ ಬರುತ್ತವೆ. ಪದಕಗಳನ್ನು ಕಾಗದಪತ್ರ ಸಮೇತ ಒಬ್ಬರ ಹತ್ತಿರ ಬಿಡಿ. ಕಾಳಜಿ ಇರುವವರ ಹತ್ತಿರ. ಅವರೇ ಹಿರಿಯರಾಗಿರಬೇಕೆಂದಿಲ್ಲ, ಮೊಮ್ಮಗಳೂ ಆಗಬಹುದು. ಉಳಿದವರಿಗೆ ಮುಂದೆ, ಹಿಂದೆ, ಅಂಚು ಮೂರೂ ಕಾಣುವ ಒಳ್ಳೆಯ ಫೋಟೊ, ಜತೆಗೆ ಬೇಕಾದರೆ ಅರ್ಧ ಗಾತ್ರದ ಪ್ರತಿ. ಒಂದು ಹಾಳೆಯಲ್ಲಿ ಅಂಚಿನ ಬರಹವನ್ನು ಇದ್ದ ಹಾಗೆ ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಕನ್ನಡದಲ್ಲಿ ಯಾರು, ಯಾವ ಊರು, ಯಾವ ಪಡೆ, ಈಗಿನವರಿಗೆ ಏನಾಗಬೇಕು, ಬರೆದದ್ದು ಯಾವ ದಿನ ಎಂದು ಸೇರಿಸಿ ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ಸಿಲ್ ಯಾಕೆಂದರೆ ತೇವ ತಾಗಿದರೂ ಹರಡುವುದಿಲ್ಲ. ಹಾಳೆ ಡಬ್ಬಿಯೊಳಗೇ ಇರಲಿ, ಅದರ ಪ್ರತಿ ಎಲ್ಲರ ಮನೆಯಲ್ಲೂ ಇರಲಿ.